ಇಂಜಿನ್ನಿನ ಹಿತ್ತಾಳೆ ವಿಷಲ್ಲು

ಹಾಸನದ ರೈಲು ನಿಲ್ದಾಣದ ಟಿಕೆಟ್ ಸಾಲಿನಲ್ಲಿ ನನ್ನ ಮುಂದೆ ರೇವಮ್ಮ ಎಂಬ ಅಜ್ಜಿಯೂ ಅವರ ಮೈದುನನ ಮಗ ರುದ್ರೇಶನೂ ನಿಂತಿದ್ದರು. ಹೊರಗೆ ಕಟ್ಟೆಯ ಮೇಲೆ ನೋಡುವವರಿಗೆಂದು ನಿಲ್ಲಿಸಿರುವ ಹಳೇ ಇಂಜಿನ್ ಉಗಿ ಬಿಡುವುದನ್ನು ಎಂದೋ ಮರೆತಿತ್ತು. ಅಜ್ಜಿ ಮಾತ್ರ ಉಗಿಯಲು ಸಜ್ಜಾಗಿದ್ದರು.

“ವಿಷಲ್ಲಿಗೂ ಕರೀ ಬಣ್ಣ ಬಳ್ದವ್ರಲ್ಲೋ ರುದ್ರೇಶ?”

“ಸಂರಕ್ಷಣೆ ಕಣ ದೊಡ್ಡವ್ವ. ಇಂಜಿನ್ ನೋಡ್ಕಳೋ ನಮ್ ಸಮಿತೀದೇ ಕೆಲ್ಸ.”

“ಇತ್ತಾಳೆಗೆ ಯಾರ್ಲಾ ಬಣ್ಣ ಬಳೀತಾರೆ? ನಿಮ್ ದೊಡ್ಡಪ್ಪ ಈ ಇಂಜಿನ್ ಓಡುಸ್ತಿದ್ದಾಗ ಆಯುಧಪೂಜೆಗೆ ಉಣಸೆಹಣ್ಣಾಕಿ ನಾನೇ ಉಜ್ಜಿ ಪಳಪಳ ಅನ್ನುಸ್ತಿದ್ದೆ.”

“ಪಳಪಳ ಅಂದ್ರೆ ಕಳ್ರ ಕಣ್ಣು ಬೀಳ್ತದೆ. ಅದ್ಕೇ ಬಳ್ಸಿದ್ದು.”

“ಕಳ್ರು ಒರಗ್ನೋರೋ, ಸಮಿತಿಯೋರೋ?”

“ಏನ್ ಮಾತೂಂತ ಆಡ್ತೀಯ! ಅದೇ ವಿಷಲ್ಲು ಕಣವ್ವ, ನಿನ್ನಾಣೆಗೂ.”

“ನನ್ನಾಣೆ ಯಾಕೆ, ನಿನ್ನಾಣೆ ಇಟ್ಕೊ. ಓಗಿ ಮ್ಯಾಲತ್ತಿ ಒಸಿ ಕೆರೆದು ನೋಡು. ಒಳಗೆ ಇತ್ತಾಳೆ ಕಂಡ್ರೆ ಬಾಯ್ ಮುಚ್ಕತೀನಿ.”

“ಬಣ್ಣ ಇನ್ನೂ ಅಸಿ ಐತೆ.”

“ಗೌರಿಹಬ್ಬಕ್ಕೇ ಬಳ್ಸಿ ಪೇಪರ್ನಾಗೆ ಫೋಟೋ ಆಕುಸ್ಕಂಡ್ರಲ್ಲ? ದೀಪಾವಳಿ ಬಂದ್ರೂ ಒಣಗ್ಲಿಲ್ವಾ?”

ರುದ್ರೇಶ ಕೌಂಟರಿನ ಕಡೆ ನೋಡಿದ.

“ಸಾಲು ಬುಟ್ರೆ ಟಿಕೀಟು ಸಿಕ್ಕಕಿಲ್ಲ ದೊಡ್ಡವ್ವ.”

“ನನ್ ಗಂಡ ಕೂಗುಸ್ತಿದ್ದ ವಿಷಲ್ಲು ಕಣ್ಲಾ ಅದು. ನೀನ್ ಮ್ಯಾಲತ್ತದಿದ್ರೆ ಬುಡು, ನಾನೇ ಅತ್ತೀನಿ.”

ಅಜ್ಜಿ ಸೊಂಟದಿಂದ ಬೀಗದ ಕೈ ಎಳೆದುಕೊಂಡು ಇಂಜಿನ್ನಿನ ಕಡೆಗೆ ಹೊರಟೇಬಿಟ್ಟರು. ರುದ್ರೇಶ ಸಾಲನ್ನೂ ಟಿಕೆಟನ್ನೂ ಮರೆತು ಹಿಂದೆಯೇ ಓಡಿದ.

“ದೊಡ್ಡವ್ವ, ಎಲ್ರ ಮುಂದೆ ಬ್ಯಾಡ! ಮನೇಗೋಗಿ ಮಾತಾಡನ, ಬಾ!”