ಮನೆಯಲ್ಲಿ ಎಷ್ಟು ಜನ?

...ಆ ಇಸ್ಪೀಟು ಬದಿಗಿಡು ಮೊಯ್ದೀನ್, ನಮ್ಮದು ನಾಲ್ಕು ಜನರ ಆಟ. ಸುಕೇಶ, ಡೋಲ್ಫಿ ಇಬ್ಬರೂ ಊರಿಗೆ ಹೊರಟುಹೋದ ಮೇಲೆ ಈ ಹವಲ್ಲಿಯ ರೂಮಿನಲ್ಲಿ ಉಳಿದದ್ದು ನಾನು, ನೀನು. ಇನ್ನು ಅದರಿಂದ ಎಂತ ಪ್ರಯೋಜನ? ಕುಬ್ಬೂಸ್ ರೊಟ್ಟಿ ಇಲ್ಲಿ ಕೊಡು. ಬೇಕರಿ ಮುಂದೆ ಲೈನ್ ಉದ್ದ ಇತ್ತಾ? ಹೂಂ, ಮುಖ ನೋಡಿದರೇ ಗೊತ್ತಾಗ್ತದೆ. ಕೂತ್ಕೋ. ನೀನು ಬರುವಷ್ಟರಲ್ಲಿ ಎಲ್ಲ ಪೆಟ್ಟಿಗೆ ಹೊರಗೆ ತೆಗೆದಿದ್ದೇನೆ. ಯಾವುದು ಇಟ್ಟುಕೊಳ್ಳುವುದು, ಯಾವುದು ಬಿಸಾಡುವುದು ಅಂತ ಇವತ್ತು ನೋಡಿಬಿಡುವ.

ಯಾಕೆ ನಗ್ತಿ? ಆಟಿಕೆ ಅಂಗಡಿಯ ಸೇಲ್ಸ್‌ಮನ್ ಅಂದ್ರೆ ಸುಮ್ಮನೆ ಅಲ್ಲ ಮಾರಾಯ. ಹೊಸ ಆಟ ಬಂದರೆ ಮೊದಲು ನಾನು ಆಡಿ ನೋಡ್ಬೇಕು, ಆಮೇಲೆ ಗಿರಾಕಿಗೆ ಹೇಳ್ಬೇಕು. ರೋಹಿದಾಸನನ್ನು ಕರೀರಿ ಅಂತ ದೊಡ್ಡ ದೊಡ್ಡ ಕುವೈತಿಗಳು ಬಂದು ಕೂರುತ್ತಿದ್ದರು. ಯಾರೇ ಬರಲಿ, ನನ್ನ ಮೊದಲ ಪ್ರಶ್ನೆ ಒಂದೇ... ಮನೆಯಲ್ಲಿ ಎಷ್ಟು ಜನ? ಅದು ತಿಳಿಯದೆ ನಾನು ಪೆಟ್ಟಿಗೆ ಮುಟ್ಟಿದವನಲ್ಲ. ಈಗ ಅಂಗಡಿ ಖಲಾಸ್. ಇರಾಕಿ ಸೈನಿಕರು ವಿಡಿಯೋ ಗೇಮು, ಬ್ಯಾಟರಿ ಕಾರು ಎಲ್ಲ ಹೊತ್ತುಕೊಂಡು ಹೋದರು. ಇವನ್ನು ಮಾತ್ರ ಬಿಟ್ಟರು.

ಇದು ನೋಡು, ದೇಶ ಹಿಡಿಯುವ ಆಟ. ಭಾರೀ ಮಾರಾಟ ಇತ್ತು ಇದಕ್ಕೆ. ದಾಳ ಹಾಕು, ಸೈನ್ಯ ನುಗ್ಗಿಸು. ಇಡೀ ಭೂಪಟ ಉಂಟು, ಕುವೈತ್ ಮಾತ್ರ ಇಲ್ಲ. ಹಿಡಿದ ದೇಶದಲ್ಲಿ ಕೆಲಸಕ್ಕೆ ಬಂದವರು ಎಂತ ಮಾಡ್ಬೇಕು ಅಂತ ನಿಯಮದ ಪುಸ್ತಕದಲ್ಲೂ ಇಲ್ಲ. ಬಿಸಾಡು.

ಇದು ಜಾಗ ಕೊಂಡು ಹೋಟೆಲ್ ಕಟ್ಟುವ ಆಟ. ಜೈಲಿಗೆ ಬಿದ್ದರೆ ಒಂದು ಚೀಟಿ ತೋರಿಸಿ ಹೊರಗೆ ಬರಬಹುದು. ನಿನಗೆ ಬೇಕಾದದ್ದು ಅಂಥದ್ದೊಂದು. ನಿನ್ನನ್ನು ಕೆಲಸಕ್ಕೆ ತರಿಸಿದ ಕಫೀಲ್ ಬೇಸಿಗೆ ಕಳೆಯಲು ಲಂಡನ್ನಿಗೆ ಹೋಗಿ ಕೂತ. ನಿನ್ನ ಪಾಸ್‌ಪೋರ್ಟ್ ಶರ್ಕ್ ಪೇಟೆಯ ಅವನ ಆಫೀಸಿನ ಕಪಾಟಿನಲ್ಲಿ, ಬೀಗದ ಕೈ ಅವನ ಕಿಸೆಯಲ್ಲಿ. ಇಲ್ಲಿ ಇರಲಿಕ್ಕೆ ಇಕಾಮಾ ಪರವಾನಗಿ ಸಿಕ್ಕಿದರೆ ಸಾಕು, ಪಾಸ್‌ಪೋರ್ಟ್ ಅರಬಿಯ ಹತ್ತಿರವೇ ಭದ್ರ ಅಂತ ನಾವೆಲ್ಲ ನಂಬಿದ್ದಲ್ವಾ? ಊರಿಗೆ ಹೋಗುವ ರಜೆ ಇತ್ತು ಅಂತ ನನ್ನದು ಕೈಗೆ ಬಂದಿತ್ತು. ಬರೀ ಅದೃಷ್ಟ.

ಆ ಡೋಲ್ಫಿಯ ಹೆಸರು ಎತ್ತಬೇಡ ನನ್ನ ಮುಂದೆ. ಸಿಗರೇಟು ತರ್ತೇನೆ ಅಂತ ಕೈಯಲ್ಲಿದ್ದ ಎಲೆ ಮಗುಚಿಟ್ಟು ಎದ್ದವ, ಸೀದಾ ಹೋಗಿ ಗಡಿ ದಾಟಿಸುವ ಬಸ್ಸು ಹತ್ತಿದ. ಒಂದೇ ಪಾತ್ರೆಯ ಗಂಜಿ ಉಂಡವ. ಮುಖ ನೋಡಿ ಹೋಗ್ತೇನೆ ಅಂತ ಒಂದು ಮಾತು ಹೇಳಲಿಕ್ಕೆ ಎಂತ ಕಷ್ಟ? ಹೇಳದೆ ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಇರಲಿ. ಇದು ನೋಡು... ಇದು ಚಂದದ ಆಟ. ಮರದ ಹಲಗೆ, ಗುಳಿ, ಗೋಲಿ. ಒಂದು ಗೋಲಿ ಇನ್ನೊಂದನ್ನು ಹಾರಿ ದಾಟಿದರೆ, ನಡುವಿನದ್ದನ್ನು ತೆಗೆದು ಹೊರಗಿಡುವುದು. ಕಡೆಗೆ ಒಂದೇ ಉಳಿದರೆ ನೀನು ಗೆದ್ದೆ. ಜಗಳ ಇಲ್ಲ, ಕರೆಂಟು ಬೇಡ, ದಿನ ಹೋದದ್ದೇ ತಿಳಿಯುವುದಿಲ್ಲ. ಬಾ, ಈಗಲೇ ಕಲಿಸುತ್ತೇನೆ. ಆಮೇಲೆ ಅಲ್ಲ, ಈಗ. ಈಗಲೇ ಯಾಕೆ ಅಂದ್ರೆ... ಒಂದು ದಿನ ಕಲಿಯಬೇಕಲ್ಲ.

ಪೆಟ್ಟಿಗೆ ಯಾಕೆ ತಿರುಗಿಸ್ತಿ? ಹಿಂದೆ ಎಂತದೂ ಇಲ್ಲ. ...ಹೌದು, ಒಬ್ಬನದೇ ಚಿತ್ರ. ಒಬ್ಬನೇ ಆಡುವುದು. ಅದಕ್ಕೇನೀಗ?

ಮೊಯ್ದೀನ್... ಹಾಗೆ ನೋಡಬೇಡ. ಮಂಚದ ಅಡಿಯಲ್ಲಿ ನನ್ನ ಬ್ಯಾಗು ಮಾತ್ರ. ಮೊನ್ನೆವರೆಗೆ ಕಪಾಟಿನ ಮೇಲೆ ಇತ್ತು, ಹೌದು... ಬಸ್ಸು ನಾಳೆ ಬೆಳಿಗ್ಗೆ. ನಿನ್ನ ಬಗ್ಗೆಯೂ ಕೇಳಿದೆ ಮಾರಾಯ. ಕಾಲು ಹಿಡಿಯುವುದೊಂದು ಬಾಕಿ. ಪಾಸ್‌ಪೋರ್ಟ್ ಇಲ್ಲದವರನ್ನು ಹತ್ತಿಸುವುದಿಲ್ಲ ಅಂದರು. ಊಟ ಆದ ಮೇಲೆ ಹೇಳುವ ಅಂತಿದ್ದೆ. ಹೇಳುತ್ತಿದ್ದೆ... ಹೇಳುತ್ತಿದ್ದೆನೋ ಇಲ್ಲವೋ.

ಮತ್ತೆ ಇಸ್ಪೀಟು ಯಾಕೆ ತೆಗೆದಿ? ನನ್ನ ಮುಂದೊಂದು ಎಲೆ, ನಿನ್ನ ಮುಂದೊಂದು... ಹಾಗೆ ಹಾಕಬೇಡ. ಬೇಕಾದರೆ ಬೈ, ಎರಡು ಬಾರಿಸು. ಇಬ್ಬರಿಗೆ ಮಾತ್ರ ಹಂಚಬೇಡ.