ಕಾವೇರಿ ನೀರು ಬರುವ ದಿನ

ಗಿರಿನಗರದ ಹಿಟ್ಟಿನ ಗಿರಣಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು. ರಾಗಿ ತಂದಿದ್ದ ಆಂಟಿ, ಅವರ ಚೀಲ ಹೊತ್ತು ಬಂದಿದ್ದ, ಅವರ ಮನೆಯಲ್ಲಿ ಬಾಡಿಗೆಗಿದ್ದ ಹುಡುಗ.

"ಆಂಟಿ, ಸಂಜೆ ಟೆರೇಸ್ ಮೇಲಿನ ಆಂಟೆನಾ ಬಿಚ್ಚಿಹಾಕ್ತೀನಿ."

"ಯಾವ ಆಂಟೆನಾ ಕಿರಣ?"

"ದೂರದೂರದವರ ಜೊತೆ ಮಾತಾಡೋ ಹ್ಯಾಮ್ ರೇಡಿಯೋಗೆ ಕಟ್ಟಿದ್ನಲ್ಲ, ಆ ಉದ್ದದ ತಂತಿ. ಅದೊಂದರಲ್ಲೇ ನಾಲ್ಕು ಬ್ಯಾಂಡ್ ಕೆಲಸ ಮಾಡ್ಬೇಕು. ಲೈಸೆನ್ಸಿಗೆ ಎರಡು ವರ್ಷ ಕಾದಿದ್ದೆ. ಈಗ ಒಂದಿನ ಸರಿ ಇರುತ್ತೆ, ಮಾರನೇ ದಿನ ಕೆಟ್ಟಿರುತ್ತೆ. ಕೆಟ್ಟಾಗೆಲ್ಲ ತಂತಿ ಉದ್ದ ಜಾಸ್ತಿಯಾಯ್ತು ಅಂತ ಮೆಟ್ಟಿಲ ಕಡೆ ತುದಿ ಕತ್ತರಿಸಿ ಎಳೆದು ಕಟ್ತೀನಿ. ಮಾರನೇ ದಿನ ಅದೂ ತಪ್ಪು."

"ಓ, ಕತ್ತರಿಸ್ತಿರೋದು ನೀನಾ? ಅದಕ್ಕೇ ನಾಲ್ಕನೇ ಸೀರೆಗೆ ಜಾಗ ಸಾಲ್ತಿಲ್ಲ."

"ಟ್ಯಾಂಕ್ ಹಿಂದೆ ಸೀರೆ ನೋಡಿದ್ದೆ. ನಿಮ್ಮ ಹಗ್ಗದ ಮೇಲೆ ಅನ್ಕೊಂಡೆ."

"ನನ್ನ ಹಗ್ಗ ಹರಿದು ಯಾವ ಕಾಲ ಆಯ್ತು! ನೀನು ಬಟ್ಟೆಗೆ ಅಂತ ಕಟ್ಟಿಲ್ವಾ? ಎಂಥ ಒಳ್ಳೇ ಹುಡುಗ ಅಂತ ಬೀದಿಗೆಲ್ಲ ಹೇಳಿದ್ದೆ."

"ದಿನಾ ಹಾಕ್ತೀರಾ?"

"ದಿನಾ ನೀರೆಲ್ಲಿ ಬರುತ್ತಪ್ಪ? ಕಾವೇರಿ ದಿನ ಬಿಟ್ಟು ದಿನ."

ಅವನು ಬೆರಳು ಮಡಿಸಿ ದಿನ ಎಣಿಸಿದ. ಎರಡು ಸಲ ತಪ್ಪಿದ.

"ನಿನ್ನೆ ಬಂದಿತ್ತಾ?"

"ಬಂತು. ಮೂರು ಬೆಡ್‌ಶೀಟ್ ಒಗೆದು ಹಾಕಿದ್ದೆ."

"ಒದ್ದೆ ಬಟ್ಟೆ ಬಿದ್ರೆ ಅಳತೆ ತಪ್ಪುತ್ತೆ. ನಿನ್ನೆ ಒಂದಡಿ ಕತ್ತರಿಸ್ದೆ ಆಂಟಿ."

"ಹಾಗಾದ್ರೆ ಬಿಚ್ತೀಯಾ ಇಲ್ವಾ?"

"ಬಿಚ್ಚಲ್ಲ. ನಿಮಗೆ ಬೇರೆ ಹಗ್ಗ ಕಟ್ಕೊಡ್ತೀನಿ. ಇದರ ಮೇಲೆ ಒಂದು ಕರ್ಚೀಫೂ ಹಾಕ್ಬೇಡಿ."

"ಹಗ್ಗ ಬೇಡ, ಜೋತು ಬೀಳುತ್ತೆ. ಇಂಥದ್ದೇ ತಂತಿ ಕಟ್ಟು. ಅದನ್ನ ಮಾತ್ರ ಕತ್ತರಿಸ್ಬೇಡ."

ಬಿಸಿ ಹಿಟ್ಟಿನ ಚೀಲ ಹೊತ್ತು ಅವನು ಅವರ ಹಿಂದೆ ನಡೆದ.