ಗಂಟಲಲ್ಲೇ ನಿಂತ ಕೂಗು

ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್.

ನಡುರಾತ್ರಿ ದಾಟಿದೆ. ಎರಡು ಕೋಣೆ, ನಡುವೆ ಒಂದು ಅಡುಗೆಮನೆ ಇರುವ ಸಣ್ಣ ಮನೆ. ಒಂದು ಕೋಣೆಯಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಕಣ್ಣು ಬಿಟ್ಟುಕೊಂಡು ಮಲಗಿದ್ದಾನೆ. ಆ ಸದ್ದು ಯಾವುದೆಂದು ಅವನಿಗೆ ಗೊತ್ತು. ಪಕ್ಕದ ಕೋಣೆಯವನು ಊರುಗೋಲು ಊರಿಕೊಂಡು ಫ್ರಿಜ್ಜಿನ ಕಡೆ ಹೊರಟಿದ್ದಾನೆ. ಮಂಡಿ ಊದಿದೆ, ಐಸ್ ಬೇಕು. ಇವನು ಎದ್ದರೆ ಎರಡು ನಿಮಿಷದ ಕೆಲಸ. ಏಳುವುದಿಲ್ಲ. ನಿನ್ನೆ ಏಳಲಿಲ್ಲ, ಮೊನ್ನೆಯೂ ಏಳಲಿಲ್ಲ. ಹೊದಿಕೆಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತಾನೆ. ಹೊದಿಕೆ ಚಳಿ ತಡೆಯಬಹುದು, ಆ ಸದ್ದನ್ನು ತಡೆಯುತ್ತದೆಯೇ?

ನೋಡಿ, ಈ ಹುಡುಗ ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವರ ಕಥೆ ಕೇಳುವಾಗ ನಮಗೆ ಹಾಯಾಗಿರುತ್ತದೆ. ಅದು ನಮ್ಮ ಕಥೆಯಲ್ಲ ಎಂದುಕೊಂಡು ಚಪ್ಪಲಿ ಹಾಕಿಕೊಂಡು ಮನೆಗೆ ಹೋಗುತ್ತೇವೆ. ಇದು ಹಾಗೆ ಹೋಗಗೊಡುವ ಕಥೆಯಲ್ಲ.

ಈ ಸಲದ ಪ್ರವಚನದಲ್ಲಿ ಶ್ರೀಮಂತನಿಲ್ಲ, ಬಡವನಿಲ್ಲ, ರಾಜನೂ ಇಲ್ಲ. ಫ್ರಾನ್ಸ್ ದೇಶದ ಒಂದು ಊರಿನಲ್ಲಿ ಒಬ್ಬ ಫುಟ್‌ಬಾಲ್ ಆಟಗಾರನಿದ್ದ. ಇದು ದೃಷ್ಟಾಂತ, ಪತ್ರಿಕೆಯಲ್ಲಿ ಹುಡುಕಬೇಡಿ. ಹೆಸರು ಬೇಕೆಂದರೆ ಲೊಯಿಕ್ ಎನ್ನೋಣ. ಹದಿಮೂರನೆಯ ವಯಸ್ಸಿಗೆ ಮನೆ ಬಿಟ್ಟು ಕ್ಲಬ್ಬಿನ ಹಾಸ್ಟೆಲ್ ಸೇರಿದವನು. ಆ ವರ್ಷ ಸೇರಿದವರು ಅವನೂ ಸೇರಿ ಇಪ್ಪತ್ತೆರಡು ಮಕ್ಕಳು. ಪ್ರತಿ ಜೂನ್ ತಿಂಗಳಲ್ಲಿ ಒಬ್ಬೊಬ್ಬರ ಕೈಗೂ ಒಂದು ಕಾಗದ ಬರುತ್ತಿತ್ತು. ಅದರಲ್ಲಿ ಇರುತ್ತಿದ್ದುದು ಎರಡರಲ್ಲಿ ಒಂದು ಮಾತು: ಇರು, ಇಲ್ಲವೇ ಹೊರಡು. ನಿನ್ನೆ ರಾತ್ರಿ ಪಕ್ಕದ ಮಂಚದಲ್ಲಿ ಮಲಗಿದ್ದವನು ಇವತ್ತು ಚೀಲ ಹಿಡಿದು ಗೇಟಿನಲ್ಲಿ ಅಪ್ಪನಿಗಾಗಿ ಕಾಯುತ್ತಿದ್ದ. ಐದು ಜೂನ್ ಕಳೆಯುವಷ್ಟರಲ್ಲಿ ಇಪ್ಪತ್ತೆರಡರಲ್ಲಿ ಉಳಿದವನು ಇವನೊಬ್ಬ. ಹದಿನೆಂಟಕ್ಕೆ ದೊಡ್ಡ ತಂಡಕ್ಕೆ ಸೇರಿದ. ಆದರೆ ಆ ಐದು ವರ್ಷ ಅವನೊಳಗೆ ಒಂದು ಅಭ್ಯಾಸ ಬಿಟ್ಟುಹೋಗಿತ್ತು. ಊಟಕ್ಕೆ ಕೂತರೂ ಬಾಗಿಲ ಕಡೆ ನೋಡುತ್ತಿದ್ದ. ಯಾರು ಬಂದರು? ಹೊಸಬನೇ? ನನ್ನ ಜಾಗದವನೇ?

ಅವನ ಜಾಗ ಯಾವುದು? ಗೋಲು ಹೊಡೆಯುವವನಲ್ಲ, ಗೋಲು ತಡೆಯುವವನೂ ಅಲ್ಲ, ನಡುವೆ ಆಡುವವನು. ಮದುವೆ ಊಟದಲ್ಲಿ ಅಡುಗೆಮನೆಗೂ ಪಂಕ್ತಿಗೂ ನಡುವೆ ನಿಂತು ಪಾತ್ರೆ ಈಸಿಕೊಂಡು ದಾಟಿಸುವವನು ಇರುತ್ತಾನಲ್ಲ, ಹಾಗೆ. ಉಂಡವರು ಅವನ ಹೆಸರು ಕೇಳುವುದಿಲ್ಲ. ಅವನು ತಪ್ಪಿದರೆ ಮಾತ್ರ ಇಡೀ ಪಂಕ್ತಿ ಎಲೆ ನೋಡುತ್ತಾ ಕೂರುತ್ತದೆ.

ಈ ನಡುವಿನವನಿಗೆ ಒಂದು ಕಷ್ಟವಿದೆ. ಚೆಂಡು ಎದುರಿನಿಂದ ಬರುತ್ತದೆ, ಕಣ್ಣು ಅದರ ಮೇಲಿರಬೇಕು. ಎದುರಾಳಿ ಬರುವುದು ಹಿಂದಿನಿಂದ. ಅದಕ್ಕೆ ಅವರಲ್ಲಿ ಒಂದು ಪದ್ಧತಿ. ಪಕ್ಕದಲ್ಲಿರುವ ಜೊತೆಗಾರ ಕೂಗಬೇಕು. ಬೆನ್ನಿಗೆ ಯಾರಾದರೂ ಬರುತ್ತಿದ್ದರೆ ‘ಹಿಂದೆ’ ಎಂದು ಕೂಗಬೇಕು. ಚೆಂಡು ಈಸಿಕೊಳ್ಳುವವನು ಅದನ್ನು ತಕ್ಷಣ ಒದ್ದು ಪಾರಾಗುತ್ತಾನೆ. ಯಾರೂ ಇಲ್ಲದಿದ್ದರೆ ‘ಒಂಟಿ’ ಎಂದು ಕೂಗಬೇಕು. ಅವನು ನಿಶ್ಚಿಂತೆಯಿಂದ ತಿರುಗುತ್ತಾನೆ. ಹಾಸ್ಟೆಲ್ಲಿನಲ್ಲಿ ಮೊದಲ ದಿನ ಕಲಿಸುವ ಪಾಠ ಇದು. ಜೊತೆಯವನು ಎಂತಹವನೇ ಆಗಿರಲಿ, ನಿನಗೆ ಸೇರಲಿ ಬಿಡಲಿ, ಕೂಗಬೇಕು. ಅವನ ಬೆನ್ನಿಗೆ ನಿನ್ನ ಕಣ್ಣೇ ಕಣ್ಣು.

ಹೀಗಿರುವಾಗ ಬಕಾರಿ ಬಂದ. ಹತ್ತೊಂಬತ್ತು ವರ್ಷ, ಲೊಯಿಕ್ ಆಡುವ ಜಾಗದಲ್ಲೇ ಆಡುವವನು, ಮತ್ತು ಲೊಯಿಕ್‌ಗಿಂತ ಚೆನ್ನಾಗಿ ಆಡುವವನು. ಕ್ಲಬ್ಬಿನವರು ಇಬ್ಬರನ್ನೂ ಒಂದೇ ಮನೆಯಲ್ಲಿ ಇಟ್ಟರು. ಬಕಾರಿ ನಗಿಸುವ ಹುಡುಗ.

“ನೀನು ಮೊಟ್ಟೆ ಬೇಯ್ಸೋದು ನೋಡಿದ್ರೆ ಕೋಳಿಗೇ ಬೇಜಾರಾಗುತ್ತೆ ಕಣೋ,” ಅನ್ನುತ್ತಿದ್ದ. “ಮತ್ತೆ ಆ ಗೂಬೆ ಕತ್ತು ತಿರುಗ್ಸೋದು ನಿಲ್ಸು. ಊಟ ಮಾಡೋವಾಗ್ಲಾದ್ರೂ ತಟ್ಟೆ ನೋಡು. ಬಾಗಿಲಲ್ಲಿ ಯಾರೂ ಇಲ್ಲ, ಬರೋನು ಬಂದು ಇಲ್ಲಿ ಕೂತಾಯ್ತು.”

ತಮಾಷೆಗೆ ಹೇಳಿದ ಮಾತು. ಲೊಯಿಕ್ ನಕ್ಕ. ಅವತ್ತು ರಾತ್ರಿ ಆ ಮಾತನ್ನೇ ಮನಸ್ಸಿನಲ್ಲಿ ಮಗುಚಿ ಮಗುಚಿ ಹಾಕಿದ.

ಮೂರು ವಾರದಲ್ಲಿ ಬಕಾರಿ ಮೈದಾನದಲ್ಲಿ, ಲೊಯಿಕ್ ಬೆಂಚಿನ ಮೇಲೆ. ಜೂನ್ ಹತ್ತಿರವಾಗುತ್ತಿದೆ. ಈ ಜೂನ್‌ಗೆ ಲೊಯಿಕ್‌ನ ಒಪ್ಪಂದ ಮುಗಿಯುತ್ತದೆ. ಇರು ಎಂಬ ಕಾಗದವೋ, ಹೊರಡು ಎಂಬ ಕಾಗದವೋ?

ಒಂದು ಭಾನುವಾರದ ಪಂದ್ಯ. ಕೊನೆಯ ಅರ್ಧ ಗಂಟೆಗೆ ಕೋಚ್ ಲೊಯಿಕ್‌ನನ್ನೂ ಇಳಿಸಿದರು, ಬಕಾರಿಯ ಪಕ್ಕದಲ್ಲೇ. ಸ್ವಲ್ಪ ಹೊತ್ತಿಗೆ ಬಕಾರಿಗೆ ಒಂದು ಚೆಂಡು ಬಂತು. ಲೊಯಿಕ್ ಹತ್ತು ಹೆಜ್ಜೆ ದೂರದಲ್ಲಿ, ಅವನಿಗೆ ಎದುರಾಗಿ ನಿಂತಿದ್ದ. ಬಕಾರಿಯ ಬೆನ್ನ ಹಿಂದೆ ಎದುರು ತಂಡದವನೊಬ್ಬ ಓಡಿ ಬರುತ್ತಿರುವುದು ಸ್ಪಷ್ಟವಾಗಿ ಕಾಣಿಸಿತು. ‘ಹಿಂದೆ’ ಎಂಬ ಮಾತು ಗಂಟಲಿಗೆ ಬಂತು. ಬಾಯಿ ತೆರೆಯಿತು.

ಆಗ ಒಂದು ಯೋಚನೆ ಬಂತು ನೋಡಿ. ಅರ್ಧ ಕ್ಷಣದ ಯೋಚನೆ. ಈಗ ಇವನು ಚೆಂಡು ಕಳೆದುಕೊಂಡರೆ ಕೋಚ್ ನೋಡುತ್ತಾರೆ. ಅಷ್ಟೇ. ಇವನ ಕಾಲು ಮುರಿಯಲಿ ಎಂದುಕೊಂಡನೇ? ಇಲ್ಲ. ಇವನಿಗೆ ಕೇಡಾಗಲಿ ಎಂದುಕೊಂಡನೇ? ಇಲ್ಲ. ಒಂದು ಚೆಂಡು ಹೋಗಲಿ, ಒಂದು ಸಲ ಬೈಸಿಕೊಳ್ಳಲಿ. ಇಷ್ಟು ಚಿಕ್ಕದು ಅವನು ಬಯಸಿದ್ದು. ಬಾಯಿ ಮುಚ್ಚಿಕೊಂಡಿತು.

ಬಕಾರಿ ತಿರುಗಿದ. ಓಡಿ ಬಂದವನು ಚೆಂಡು ಕೀಳಲು ನೆಲದ ಮೇಲೆ ಜಾರಿ ಬಂದು ಅವನ ಕಾಲಿಗೇ ಅಪ್ಪಳಿಸಿದ. ಮಂಡಿ ತಿರುಚಿತು. ಒಂಬತ್ತು ತಿಂಗಳು ಆಟವಿಲ್ಲ ಎಂದರು ಡಾಕ್ಟರು.

ಎದುರಾಳಿಗೆ ಮೈದಾನದಿಂದ ಹೊರಹಾಕುವ ಕೆಂಪು ಚೀಟಿ ಸಿಕ್ಕಿತು. ಲೊಯಿಕ್‌ಗೆ ಏನು ಸಿಕ್ಕಿತು? ಬಕಾರಿಯ ಜಾಗ ಸಿಕ್ಕಿತು. ಮೈದಾನದ ಸುತ್ತ ಅಷ್ಟು ಕ್ಯಾಮೆರಾ ಇದ್ದವು. ಕಾಲು ಯಾವ ಕೋನದಲ್ಲಿ ತಗುಲಿತು ಎಂದು ನಿಧಾನವಾಗಿ ಓಡಿಸಿ ಓಡಿಸಿ ತೋರಿಸಿದರು. ಬಾರದೆ ಉಳಿದ ಒಂದು ಮಾತನ್ನು ಯಾವ ಕ್ಯಾಮೆರಾ ಹಿಡಿಯುತ್ತದೆ? ತಂಡದವರೇ ಬಂದು ಇವನ ಹೆಗಲು ತಟ್ಟಿದರು. “ನೀನು ಕೂಗಿರ್ತೀಯ, ಅಷ್ಟು ಗಲಾಟೇಲಿ ಅವನಿಗೆ ಕೇಳ್ಸಿರಲ್ಲ. ಬೇಜಾರ್ ಮಾಡ್ಕೋಬೇಡ,” ಎಂದರು. ಇವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಶಿಕ್ಷೆ ಎಲ್ಲಿಂದ ಬಂತು ಗೊತ್ತೇ? ಪೊಲೀಸರಿಂದ ಬರಲಿಲ್ಲ, ಪತ್ರಿಕೆಯಿಂದ ಬರಲಿಲ್ಲ, ಆಕಾಶದಿಂದ ಸಿಡಿಲೂ ಬರಲಿಲ್ಲ. ಮುಂದಿನ ಪಂದ್ಯದಲ್ಲಿ ಇವನಿಗೆ ಚೆಂಡು ಬಂತು. ಜೊತೆಗಾರ ‘ಒಂಟಿ’ ಎಂದು ಕೂಗಿದ. ತಿರುಗಬೇಕು, ತಿರುಗಲು ಆಗಲಿಲ್ಲ. ಕೂಗಿದವನು ನಿಜ ಹೇಳುತ್ತಿದ್ದಾನೆಯೇ? ಇವನಿಗೂ ನನ್ನ ಜಾಗ ಬೇಕೇ? ಹೆದರಿ ಚೆಂಡನ್ನು ಎತ್ತಲೋ ಒದ್ದುಬಿಟ್ಟ. ಇನ್ನೊಂದು ಚೆಂಡು ಬಂತು, ಅದೂ ಹಾಗೆಯೇ ಹೋಯಿತು. ಆ ಪಂದ್ಯದಲ್ಲಿ ಹಾಗೆ, ಅದರ ಮುಂದಿನದರಲ್ಲಿಯೂ ಹಾಗೆ.

“ಒಂಟಿ ಅಂತ ಕೂಗಿದ್ರೂ ಯಾಕೋ ಒದ್ದು ಓಡಿಸ್ತೀಯ?” ಎಂದರು ಕೋಚ್. “ನಿನ್ನ ಸ್ನೇಹಿತರು ಸುಳ್ಳು ಹೇಳ್ತಾರೇನೋ?”

ಲೊಯಿಕ್ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ. ಒಮ್ಮೆ ತಾನು ಬಾಯಿ ಮುಚ್ಚಿದವನು ಲೋಕದಲ್ಲಿ ಯಾರ ಬಾಯನ್ನು ನಂಬಿಯಾನು?

ಬಕಾರಿ ಬಿದ್ದ ಹನ್ನೆರಡನೆಯ ದಿನ ಮಧ್ಯಾಹ್ನ ಲೊಯಿಕ್‌ಗೆ ತಡೆಯಲಾಗಲಿಲ್ಲ. ಬಕಾರಿ ಅಡುಗೆಮನೆಯ ನೆಲದ ಮೇಲೆ ಮಲಗಿ, ಕಾಲನ್ನು ಎತ್ತಿ ಇಳಿಸುವ ವ್ಯಾಯಾಮ ಮಾಡುತ್ತಿದ್ದ. ಬೆವರುತ್ತಿದ್ದ, ಎಣಿಸುತ್ತಿದ್ದ.

“ಅವತ್ತು ನಾನು ಅವನನ್ನ ನೋಡಿದ್ದೆ,” ಎಂದ ಲೊಯಿಕ್.

“ಯಾರನ್ನ?”

“ನಿನ್ನ ಹಿಂದೆ ಬಂದನಲ್ಲ, ಅವನನ್ನ.”

ಬಕಾರಿ ನಿಲ್ಲಿಸಲಿಲ್ಲ. ಹದಿನಾರು. ಹದಿನೇಳು.

“ಕೂಗ್ಬೇಕು ಅಂತಿದ್ದೆ. ಕೂಗ್ಲಿಲ್ಲ.”

“ಗೊತ್ತು.”

“ಏನು ಗೊತ್ತು?”

ಬಕಾರಿ ಕಾಲು ಇಳಿಸಿದ. “ಚೆಂಡು ಕಾಲಿಗೆ ಬರೋಕೆ ಮುಂಚೆ ನಿನ್ನ ಮುಖ ನೋಡ್ದೆ. ನೀನು ಬಾಯಿ ತೆಗ್ದೆ, ಮುಚ್ಕೊಂಡೆ. ಓ, ಯಾರೋ ಬರೋ ಹಂಗಿದ್ರು, ಈಗ ಬರ್ತಿಲ್ಲ, ಅದಕ್ಕೆ ಸುಮ್ನಾದ ಅಂದ್ಕೊಂಡೆ. ಅದಕ್ಕೇ ತಿರುಗಿದ್ದು.”

ಕೇಳಿದಿರಾ? ಮೌನವನ್ನು ಅವನು ಅಭಯ ಎಂದುಕೊಂಡ. ಸ್ನೇಹಿತ ಸುಮ್ಮನಿದ್ದಾನೆ ಎಂದರೆ ಅಪಾಯವಿಲ್ಲ ಎಂದು ಅರ್ಥ ಮಾಡಿಕೊಂಡ. ಇನ್ನೇನು ಅರ್ಥ ಮಾಡಿಕೊಳ್ಳಬೇಕಿತ್ತು, ನೀವೇ ಹೇಳಿ.

“ಇಷ್ಟು ದಿನ ಯಾಕೆ ಕೇಳ್ಲಿಲ್ಲ?” ಎಂದ ಲೊಯಿಕ್.

“ನೀನೇ ಹೇಳ್ತೀಯೇನೋ ಅಂತ ಕಾದೆ. ರಾತ್ರಿ ಐಸ್‌ಗೆ ಹೋಗೋವಾಗ ಬೇಕಂತ್ಲೇ ಕೋಲನ್ನ ಜೋರಾಗಿ ಊರ್ತಿದ್ದೆ. ನಿದ್ದೆ ಮಾಡ್ತಿದಾನೆ ಪಾಪ ಅನ್ಕೊಳ್ಳೋಣ ಅಂದ್ರೆ, ನಿನ್ನ ಮಂಚ ಕಿರಕ್ ಅನ್ನೋದು ನಂಗೆ ಕೇಳಿಸ್ತಿತ್ತು.”

“ಕೋಚ್‌ಗೆ ಹೇಳ್ಬಿಡ್ತೀನಿ. ಈಗಲೇ ಹೋಗಿ ಹೇಳ್ತೀನಿ.”

“ಹೇಳಿದ್ರೆ ಏನಾಗುತ್ತೆ? ನಿನ್ನ ಕಳ್ಸ್ತಾರೆ. ನೀನು ಹಗುರ ಆಗಿ ಊರಿಗೆ ಹೋಗ್ತೀಯ, ನಿದ್ದೆ ಮಾಡ್ತೀಯ. ನನ್ನ ಮಂಡಿ ಬರುತ್ತಾ? ನಿಂಗೆ ಅಷ್ಟು ಬೇಗ ನಿದ್ದೆ ಬರೋದು ಬೇಡ.” ಸ್ವಲ್ಪ ತಡೆದು ಹೇಳಿದ: “ನಂಗೆ ನಿನ್ನ ನಾಲ್ಕು ಬಾರಿಸ್ಬೇಕು ಅನ್ಸುತ್ತೆ. ಕೋಲಿಲ್ದೆ ಎದ್ದು ನಿಲ್ಲೋಕಾಗಲ್ಲ, ನೀನು ಬದುಕ್ಕೊಂಡೆ. ಹೋಗು, ಮೈದಾನಕ್ಕೆ ಹೋಗಿ ಕೂಗು. ಪ್ರತಿ ಚೆಂಡಿಗೂ ಕೂಗು, ಗಂಟಲು ಹರ್ದು ಹೋಗೋ ಹಂಗೆ.”

ಕ್ಷಮಿಸಿದೆ ಎಂದು ಬಕಾರಿ ಹೇಳಲಿಲ್ಲ. ಇವನೂ ಕೇಳುವ ಧೈರ್ಯ ಮಾಡಲಿಲ್ಲ.

ಈಗ ನಮ್ಮ ಕಡೆ ಬರೋಣ. ನಾವು ಫುಟ್‌ಬಾಲ್ ಆಡುವವರಲ್ಲ. ಬಾಯಿ ಇರುವವರು ಹೌದೋ ಅಲ್ಲವೋ?

ರಸ್ತೆಯಲ್ಲಿ ಯಾರೋ ಸ್ಕೂಟರಿನ ಸ್ಟ್ಯಾಂಡ್ ತೆಗೆಯದೆ ಹೋಗುತ್ತಿದ್ದರೆ ಏನು ಮಾಡುತ್ತೇವೆ? ‘ಸ್ಟ್ಯಾಂಡ್, ಸ್ಟ್ಯಾಂಡ್’ ಎಂದು ಕೂಗುತ್ತೇವೆ. ಯಾವಳೋ ಹುಡುಗಿಯ ದುಪಟ್ಟಾ ಚಕ್ರಕ್ಕೆ ಸಿಗುವಂತಿದ್ದರೆ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತೇವೆ. ಅವರು ನಮ್ಮವರಲ್ಲ, ಅವರ ಹೆಸರೂ ಗೊತ್ತಿಲ್ಲ, ಆದರೂ ಕೂಗುತ್ತೇವೆ. ಹಾಗಾದರೆ ಹೆಸರು ಗೊತ್ತಿರುವವರ ವಿಷಯದಲ್ಲಿ ಗಂಟಲು ಯಾಕೆ ಕಟ್ಟುತ್ತದೆ? ಎದುರುಮನೆಯವರು ಮಗಳಿಗೆ ಗಂಡು ಗೊತ್ತುಮಾಡಿದ್ದಾರೆ, ಆ ಹುಡುಗನ ಕುಡಿತ ನಮಗೆ ಗೊತ್ತು. ನಮಗ್ಯಾಕೆ ಎಂದು ಲಾಡು ತಿಂದು ಬರುತ್ತೇವೆ. ಆಫೀಸಿನಲ್ಲಿ ಪಕ್ಕದ ಮೇಜಿನವರು ತಪ್ಪಿರುವ ಕಾಗದವನ್ನು ಸಾಹೇಬರ ಮುಂದೆ ಇಡಲು ಹೊರಟಿದ್ದಾರೆ, ನಮ್ಮ ಕಣ್ಣಿಗೆ ಬಿದ್ದಿದೆ. ಸುಮ್ಮನೆ ಪೆನ್ನಿನ ಮುಚ್ಚಳ ಹಾಕುತ್ತೇವೆ. ನೆಂಟರು ಊಟಕ್ಕೆ ಬಂದ ದಿನ ಓರಗಿತ್ತಿ ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದಾಳೆ. ನೋಡಿದೆವು. ಹೇಳಿದೆವೇ?

ಗುರುತಿಲ್ಲದವರ ಜೊತೆ ನಮಗೆ ಪೈಪೋಟಿಯಿಲ್ಲ. ಅದಕ್ಕೇ ಬಾಯಿ ತೆರೆಯುತ್ತದೆ. ಪೈಪೋಟಿ ಇರುವ ಕಡೆ ನಾವು ಕೇಡು ಬಯಸುವುದಿಲ್ಲ, ಛೆ, ನಾವು ಅಂಥವರಲ್ಲ. ಒಂದು ಮಾತು ಬೈಸಿಕೊಳ್ಳಲಿ, ಅಷ್ಟೇ. ಆ ಅಷ್ಟೇ ಎಂಬುದಕ್ಕೆ ಅಳತೆ ಇದೆಯೇ? ನಾವು ಬಯಸಿದಷ್ಟಕ್ಕೇ ಅದು ನಿಲ್ಲುತ್ತದೆಯೇ? ಉಪ್ಪಿಲ್ಲದ ಸಾರು ಸಾರಾಗಿಯೇ ಮುಗಿಯಬಹುದು. ಎದುರುಮನೆಯ ಹುಡುಗಿಯ ಬಾಳು ಹಾಗೆ ಮುಗಿಯುವುದಿಲ್ಲ.

ಇವತ್ತು ಮನೆಗೆ ಹೋಗಿ ಒಂದೇ ಒಂದು ಕೆಲಸ ಮಾಡಿ. ನಿಮಗೆ ಕಂಡು ಅವರಿಗೆ ಕಾಣದಿರುವುದು ಯಾರ ಬೆನ್ನ ಹಿಂದಿದೆ ಎಂದು ಯೋಚಿಸಿ. ಒಬ್ಬರಾದರೂ ಇರುತ್ತಾರೆ. ಅವರಿಗೇ ಹೇಳಿ, ಅವರ ವಿಷಯವನ್ನು ಬೇರೆಯವರಿಗೆ ಹೇಳಬೇಡಿ. ಆಗುವ ಮೊದಲು ಹೇಳಿ. ಆದ ಮೇಲೆ, ನನಗೆ ಆಗಲೇ ಅನ್ನಿಸಿತ್ತು ಎನ್ನುವವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನೀವು ಹೇಳಿದ್ದಕ್ಕೆ ಅವರು ಮುಖ ತಿರುಗಿಸಬಹುದು. ತಿರುಗಿಸಲಿ.

ಏಳುವ ಮೊದಲು ಉಳಿದದ್ದು ಕೇಳಿ, ಇನ್ನೊಂದು ಚೂರು ಕಥೆ ಇದೆ. ಲೊಯಿಕ್ ತಪ್ಪೊಪ್ಪಿಕೊಂಡ ಮರುದಿನ ಕೋಚ್ ಬಕಾರಿಗೆ ಫೋನ್ ಮಾಡಿದರು. ಲೊಯಿಕ್ ಒಲೆಯ ಹತ್ತಿರ ನಿಂತಿದ್ದ, ಕೋಚ್‌ರ ದೊಡ್ಡ ದನಿ ಅವನಿಗೂ ಕೇಳಿಸುತ್ತಿತ್ತು.

“ನಾಳೆ ಲೊಯಿಕ್ ಕಾಗದ ತೀರ್ಮಾನ ಆಗುತ್ತೆ,” ಎಂದರು ಕೋಚ್. “ಯಾರ ಮಾತನ್ನೂ ನಂಬದ ಹುಡುಗನನ್ನ ಇಟ್ಕೊಂಡು ನಾನೇನು ಮಾಡ್ಲಿ? ಜೊತೆಗೇ ಇರ್ತೀಯಲ್ಲ, ಅವನಿಗೇನಾಗಿದೆ ಗೊತ್ತಾ?”

ಈಗ ನೋಡಿ ಬಕಾರಿಯ ಸ್ಥಿತಿ. ಒಂದು ಮಾತು ಹೇಳಿದರೆ ಲೊಯಿಕ್ ಹೊರಗೆ. ಸುಮ್ಮನಿದ್ದರೂ ಹೊರಗೆ. ಒಂಬತ್ತು ತಿಂಗಳ ಮೇಲೆ ವಾಪಸು ಬಂದಾಗ ಜಾಗ ಖಾಲಿ, ಕೇಳುವವರಿಲ್ಲ. ಕೇಡು ಬಯಸಬೇಕಾಗಿಯೇ ಇಲ್ಲ. ಗೊತ್ತಿಲ್ಲ ಸಾರ್ ಎಂದರೆ ಸಾಕು. ಅವನ ಬಾಯಿ ತೆರೆದದ್ದನ್ನೂ ಮುಚ್ಚಿದ್ದನ್ನೂ ಲೊಯಿಕ್ ನೋಡಿದ. ಒಲೆ ಆರಿಸಿದ.

“ಆಗಿರೋದು ನಿಜ ಸಾರ್,” ಎಂದ ಬಕಾರಿ ಕೊನೆಗೆ. “ಏನು ಅಂತ ಕೇಳ್ಬೇಡಿ. ಅವನು ಸರಿಮಾಡ್ಕೋತಿದಾನೆ. ಮನೆಗೆ ಕಳ್ಸಿದ್ರೆ ಯಾವತ್ತೂ ಸರಿ ಹೋಗಲ್ಲ. ಒಂದು ವರ್ಷ ಇಟ್ಕೊಳ್ಳಿ.”

“ಒಂದು ವರ್ಷ,” ಎಂದರು ಕೋಚ್. “ಒಂದೇ.”

ಬಕಾರಿ ಫೋನ್ ಇಟ್ಟ. ಲೊಯಿಕ್‌ನ ಕಡೆ ನೋಡಲಿಲ್ಲ, ಅವನಿಂದ ಪ್ರತಿಯಾಗಿ ಏನನ್ನೂ ಕೇಳಲಿಲ್ಲ. ಕಾಲನ್ನು ಎರಡು ಕೈಯಿಂದ ಎತ್ತಿ ಸ್ಟೂಲಿನ ಮೇಲೆ ಇಟ್ಟುಕೊಂಡ. ಆ ಭಾನುವಾರ ನಡೆದದ್ದನ್ನು ಕೋಚ್‌ಗಾಗಲಿ, ತಂಡದವರಿಗಾಗಲಿ, ದಿನಾ ಸಂಜೆ ಫೋನ್ ಮಾಡಿ ಅಳುವ ತನ್ನ ತಾಯಿಗಾಗಲಿ, ಯಾರಿಗೂ ಹೇಳುವುದಿಲ್ಲ ಎಂದು ಬಕಾರಿ ಅಲ್ಲೇ ತೀರ್ಮಾನಿಸಿದ.